ಬಿಳಿಯೊಳಗೆ ಅಡಗಿದ ಬಿಳಿ

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದು ಈಗ ನಿವೃತ್ತರಾಗಿರುವ ಆ ಹಿರಿಯರಿಗೆ ಧೂಳೆಂದರೆ ಇವತ್ತಿಗೂ ಆಗದು. 1990ರ ದಶಕದಲ್ಲಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಎಂದರೆ ಫಿಲ್ಮು. ಬೆಳಿಗ್ಗೆ ಬಂದವರೇ ಕ್ಯಾಸೆಟ್ ತೆರೆದು, ಒಳಗಿನ ಸ್ಕ್ರೀನಿಗೆ ಮೆತ್ತನೆಯ ಬ್ರಷ್ ಆಡಿಸುತ್ತಿದ್ದರು. ಒಂದು ಕಣ ಧೂಳು ಉಳಿದರೂ ಫಿಲ್ಮಿನಲ್ಲಿ ಬಿಳಿ ಚುಕ್ಕೆ! ಉಪ್ಪು ಉದುರಿಸಿದಂತೆ ಕಾಣುವ ಅಂಥದೇ ಚುಕ್ಕೆಗಳ ಗುಂಪು, ಅಂದರೆ ಕ್ಯಾಲ್ಸಿಯಂ ಕಣಗಳು, ಕೈಗೆ ಇನ್ನೂ ಸಿಗದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಕಂಕುಳಿಗೆ ಪೌಡರ್ ಹಚ್ಚಿಕೊಂಡು ಬಂದವರನ್ನು “ಒರೆಸ್ಕೊಂಡು ಬನ್ನಿ ಅಮ್ಮಾ” ಎಂದು ಕಳಿಸುತ್ತಿದ್ದುದೂ ಅದಕ್ಕೇ.

ಈ ಕ್ಯಾಲ್ಸಿಯಂ ಕಣಗಳ ಮಹತ್ವವನ್ನೂ ಸ್ತನವನ್ನು ಒತ್ತಿ ಚಪ್ಪಟೆ ಮಾಡಿಯೇ ಚಿತ್ರ ತೆಗೆಯಬೇಕೆಂಬುದನ್ನೂ ಸುಮಾರು 1950ರ ಹೊತ್ತಿಗೆ ಒತ್ತಿ ಹೇಳಿದವರು ಉರುಗ್ವೆಯ ವೈದ್ಯ ರೌಲ್ ಲೆಬೋರ್ನ್. ನೋಯುತ್ತದೆಂದು ಹೆಂಗಸರು ಬೇಸರಪಡುವ ಆ ಒತ್ತುಹಲಗೆ ಇಂದಿನ ಯಂತ್ರದಲ್ಲೂ ಇದೆ.

ಡಾರ್ಕ್‌ರೂಮಿನ ಕೆಂಪು ದೀಪ, ಡೆವಲಪರಿನ ಘಾಟು, ಪ್ರೊಸೆಸರಿನಿಂದ ಹೊರಬರುವ ಬೆಚ್ಚನೆಯ ಫಿಲ್ಮು, ಲೈಟ್‌ಬಾಕ್ಸಿನ ಮುಂದೆ ಭೂತಗನ್ನಡಿ ಹಿಡಿದ ವೈದ್ಯರು. ಚಿತ್ರ ಸರಿಬರದಿದ್ದರೆ ಸೀರೆ ಉಟ್ಟುಕೊಂಡು ಕೂತವರನ್ನು ಮತ್ತೆ ಒಳಗೆ ಕರೆಯಬೇಕು. “ಏನಾದ್ರೂ ಇದೆಯಾ ಸಾರ್?” ಎನ್ನುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಭಯವನ್ನು ಆ ಹಿರಿಯರು ಮರೆತಿಲ್ಲ.

ಆದರೆ ಫಿಲ್ಮು ನಿಜವಾಗಿ ಸೋತದ್ದು ಬೇರೆಡೆ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿ ದಟ್ಟ. ಬಿಳಿಯ ಹಿಂದೆ ಬಿಳಿ ಅಡಗಿದರೆ ಯಾವ ಭೂತಗನ್ನಡಿ ಏನು ಮಾಡೀತು?

ಫಿಲ್ಮಿನ ಜಾಗಕ್ಕೆ ಬಂದದ್ದು ಡಿಜಿಟಲ್. ಅಮೆರಿಕ ಮೊದಲ ಡಿಜಿಟಲ್ ಮ್ಯಾಮೊಗ್ರಫಿ ಯಂತ್ರಕ್ಕೆ ಒಪ್ಪಿಗೆ ಕೊಟ್ಟದ್ದು 2000ದಲ್ಲಿ. 2005ರಲ್ಲಿ ಹೊರಬಂದ, ಸುಮಾರು 49,500 ಮಹಿಳೆಯರ ಮೇಲಿನ ಡಿಮಿಸ್ಟ್ ಅಧ್ಯಯನದಲ್ಲಿ ಒಟ್ಟಾರೆ ಫಿಲ್ಮು, ಡಿಜಿಟಲ್ ಎರಡೂ ಸಮಬಲ. ಐವತ್ತರೊಳಗಿನವರಲ್ಲಿ, ದಟ್ಟ ಸ್ತನದವರಲ್ಲಿ ಮಾತ್ರ ಡಿಜಿಟಲ್ ಮೇಲು. ಆ ಹಿರಿಯರ ಡಾರ್ಕ್‌ರೂಮು ಉಗ್ರಾಣವಾಯಿತು. ಆಮೇಲೆ ಬಂತು ಟೊಮೊಸಿಂಥೆಸಿಸ್: ಎಕ್ಸ್‌ರೇ ಟ್ಯೂಬು ಕಮಾನಿನಂತೆ ಚಲಿಸುತ್ತ ಹಲವು ಕೋನಗಳಿಂದ ಚಿತ್ರ ತೆಗೆದರೆ, ಕಂಪ್ಯೂಟರು ಅವನ್ನು ತೆಳು ಪದರಗಳಾಗಿ ಬಿಡಿಸುತ್ತದೆ. ಒಂದರ ಮೇಲೊಂದು ಬಿದ್ದು ಮುಚ್ಚಿಕೊಂಡದ್ದು ಬಯಲಾಗುತ್ತದೆ. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷವಿರುವವರಿಗೆ ಎಂಆರ್‌ಐ ಕೂಡ ಬಂತು. ಸ್ವೀಡನ್ನಿನಲ್ಲಿ 80,000 ಮಹಿಳೆಯರ ಅಧ್ಯಯನವೊಂದು ಕೃತಕ ಬುದ್ಧಿಮತ್ತೆಯ ನೆರವಿನಿಂದ ವೈದ್ಯರು ಚಿತ್ರ ಓದುವ ಕೆಲಸ ಶೇ. 44ರಷ್ಟು ತಗ್ಗಿತೆಂದು 2023ರಲ್ಲಿ ವರದಿ ಮಾಡಿತು, ಪತ್ತೆ ಕಡಿಮೆಯಾಗಲಿಲ್ಲ.

ಇಷ್ಟಾದರೂ ಎಲ್ಲವನ್ನೂ ಕಾಣುವ ಯಂತ್ರ ಇನ್ನೂ ಬಂದಿಲ್ಲ. ನಿಮ್ಮ ಸ್ತನ ದಟ್ಟವೇ ಎಂದು ವೈದ್ಯರನ್ನು ಕೇಳಿ. ಗಂಟು ಕೈಗೆ ಸಿಕ್ಕಿದ್ದರೆ, ಮ್ಯಾಮೊಗ್ರಾಂ ಸರಿಯಿದೆ ಎಂದು ಬಂದರೂ ಅಲ್ಲಿಗೇ ಬಿಡಬೇಡಿ. ಅಲ್ಟ್ರಾಸೌಂಡ್ ಬೇಕೇ, ಬಯಾಪ್ಸಿ ಬೇಕೇ ಎಂದು ಕೇಳಿಯೇ ಮನೆಗೆ ಹೊರಡಿ.