ಪತ್ರ ತೋರಿಸದ ಸಾಹುಕಾರ

ತಾನೇ ತಲೆ ಓಡಿಸಿ ಲೆಕ್ಕ ಬಿಡಿಸಿದ ಹುಡುಗನಿಗೆ 'ಈ ವಿಧಾನ ಮೊದಲೇ ನಮ್ಮದು, ದುಡ್ಡು ಕೊಡು' ಎಂದರೆ ಹೇಗಿರುತ್ತದೆ? ಪೇಟೆಂಟ್ ಕಾನೂನು ಹಾಗೆಯೇ, ನಕಲು ಮಾಡಿರಲೇಬೇಕೆಂದಿಲ್ಲ.

ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು 1991ರಲ್ಲಿ ಆರಂಭಿಸಿದವನು ಹೆಲ್ಸಿಂಕಿಯ 21ರ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. 2007ರಲ್ಲಿ ಮೈಕ್ರೋಸಾಫ್ಟ್, ಲಿನಕ್ಸ್ ಮತ್ತಿತರ ಮುಕ್ತ ತಂತ್ರಾಂಶಗಳು ತನ್ನ 235 ಪೇಟೆಂಟ್‌ಗಳನ್ನು ಉಲ್ಲಂಘಿಸಿವೆ ಎಂದಿತು. ಯಾವುವು? ಪಟ್ಟಿ ಕೊಡಲಿಲ್ಲ. ಪತ್ರ ತೋರಿಸದೆ ಸಾಲ ಕೇಳುವ ಸಾಹುಕಾರನ ವರಸೆ! 2009ರಲ್ಲಿ, ದಾರಿ ತೋರಿಸುವ ಯಂತ್ರಗಳಲ್ಲಿ ಲಿನಕ್ಸ್ ಬಳಸುತ್ತಿದ್ದ ಟಾಮ್‌ಟಾಮ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಕಡತಗಳಿಗೆ ಉದ್ದ ಹೆಸರಿಡುವ ಉಪಾಯವೂ ತಕರಾರಿನಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ ಟಾಮ್‌ಟಾಮ್ ಹಣ ತೆತ್ತು ರಾಜಿಯಾಯಿತು, ತೀರ್ಪೇ ಬರಲಿಲ್ಲ.

2018ರಲ್ಲಿ ಅದೇ ಮೈಕ್ರೋಸಾಫ್ಟ್ ಲಿನಕ್ಸ್ ರಕ್ಷಣೆಯ ಕೂಟ ಸೇರಿ, 60,000ಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಕೂಟದ ಸದಸ್ಯರಿಗೆ ಪುಕ್ಕಟೆ ಬಿಟ್ಟುಕೊಟ್ಟಿತು.