‘ಆಲ್ದೋ’ ಇದ್ದಲ್ಲಿ ‘ಬಟ್’ ಏಕೆ?

ನಮ್ಮ ಮಗಳು ತನ್ನ ಇಂಗ್ಲಿಷ್ ಪ್ರಬಂಧವನ್ನು ತಿದ್ದಿಕೊಡಬೇಕೆಂದು ತಂದಿದ್ದಳು. ಮಳೆ ಬಂದರೂ ಜಾತ್ರೆಗೆ ಹೋದೆವೆಂಬ ವಾಕ್ಯವನ್ನು ‘ಆಲ್ದೋ’ ಎಂದು ಆರಂಭಿಸಿದ್ದಳು. ನಮಗೇಕೋ ಅದು ಬೋಳಾಗಿ ಕಂಡಿತು; ನಡುವೆ ‘ಬಟ್’ ಸೇರಿಸಿದೆವು. ಮರುದಿನ ಆ ‘ಬಟ್’ ಕೆಂಪು ಮಸಿಯ ಗೀಟನ್ನು ಹೊತ್ತು ಹಿಂದಿರುಗಿತು. ಮಗಳು ಏನನ್ನೂ ಆಡಲಿಲ್ಲ. ಮುಂದಿನ ಪ್ರಬಂಧವನ್ನು ನಮಗೆ ತೋರಿಸಲೂ ಇಲ್ಲ.

ವಾಚಕರು ನಗಬಾರದು. ಸಂಸ್ಕೃತದಲ್ಲಿ ‘ಯದ್ಯಪಿ’ ಎಂದೊಡನೆ ‘ತಥಾಪಿ’ ಹಿಂಬಾಲಿಸುವುದಷ್ಟೆ. ಆ ಜೋಡಿಯನ್ನೇ ನಾವು ಇಂಗ್ಲಿಷಿಗೂ ಹೊಂದಿಸಿದ್ದೆವು. ಕನ್ನಡವಾದರೋ ‘ಬಂದರೂ’ ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತದೆ. ಮನೆಮಾತನ್ನು ನಂಬಿದ್ದರೆ ಮಾನ ಉಳಿಯುತ್ತಿತ್ತು! ‘ಆಲ್ದೋ’, ‘ಬಟ್’ ಎರಡೂ ವಾಕ್ಯಗಳನ್ನು ಕೂಡಿಸುವ ಅವ್ಯಯಗಳು. ಒಂದು ಜೊತೆ ಎತ್ತಿಗೆ ಒಂದೇ ನೊಗ ಸಾಕು. ‘ಸ್ಟಿಲ್’, ‘ನೆವರ್‌ದಲೆಸ್’ ಮುಂತಾದುವು ಕ್ರಿಯಾವಿಶೇಷಣಗಳಾದ ಕಾರಣ ‘ಆಲ್ದೋ’ದೊಡನೆ ಬಂದರೂ ದೋಷವಿಲ್ಲ, ವಿರೋಧಕ್ಕೆ ಒತ್ತು ಕೊಡುತ್ತವೆ. ‘ಯೆಟ್’ ಎರಡು ಪಾತ್ರಗಳನ್ನೂ ವಹಿಸಬಲ್ಲದು. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ದೋ’ ಎಂಬುದರ ಬಳಿಕ ‘ಯೆಟ್’ ಬರುವುದುಂಟು.

‘ಹೌಎವರ್’ ಮಾತ್ರ ಬಹು ಮೋಸಗಾರ. ‘ಬಟ್’ನ ಅರ್ಥವನ್ನೇ ಹೊತ್ತಿದ್ದರೂ ಕೂಡಿಸುವ ಅಧಿಕಾರ ಅದಕ್ಕಿಲ್ಲ. ಎರಡು ಪೂರ್ಣವಾಕ್ಯಗಳ ನಡುವೆ ಅದು ಬಂದಾಗ ಅದರ ಹಿಂದೆ ಅಲ್ಪವಿರಾಮ ಸಾಲದು. ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು.

ಇದನ್ನು ಕಲಿಸಿದವಳು ಮಗಳೇ. ಕಳೆದ ವಾರ ಬ್ಯಾಂಕಿಗೆ ಬರೆದ ಪತ್ರವನ್ನು ಸಂಕೋಚದಿಂದ ಅವಳ ಮುಂದಿಟ್ಟೆವು. “ಅಪ್ಪಾ, ಇಲ್ಲಿ ಅರ್ಧವಿರಾಮ” ಎಂದು ಚುಕ್ಕೆಯಿಟ್ಟಳು. ಆಮೇಲೆ ತನ್ನ ಹೊಸ ಪ್ರಬಂಧವನ್ನು ಮೆಲ್ಲನೆ ನಮ್ಮತ್ತ ಸರಿಸಿದಳು.