ಕಲ್ಲು, ನೀರು ಮತ್ತು ಒಂದು ಬೀಗದ ಕೈ

ಮೂತ್ರಪಿಂಡದ ಕಲ್ಲು ಒಮ್ಮೆ ಬಂದವರ ವಿಳಾಸವನ್ನು ಸುಲಭವಾಗಿ ಮರೆಯುವುದಿಲ್ಲ. ಮೊದಲ ಸಲ ಕಲ್ಲು ಕಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ 10 ವರ್ಷಗಳೊಳಗೆ ಅದು ಮರಳುತ್ತದೆಂದು ವೈದ್ಯರು ಹೇಳುತ್ತಾರೆ. ನನಗೆ ಮೂರನೆಯ ವರ್ಷದಲ್ಲೇ ಮರಳಿತು. ತಂದೆಯವರಿಗೂ ಈ ಕಾಯಿಲೆಯಿತ್ತು. ಅವರ ಕೊನೆಯ ವರ್ಷಗಳಲ್ಲಿ ಒಂದೇ ಮೂತ್ರಪಿಂಡ ಕೆಲಸ ಮಾಡುತ್ತಿತ್ತು. ಹೀಗಾಗಿ ಎರಡನೆಯ ಕಲ್ಲು ಹೊರಬಿದ್ದಾಗ ನನ್ನಲ್ಲಿ ಸಮಾಧಾನಕ್ಕಿಂತ ಮೊದಲು ಎದ್ದದ್ದು ಮೂರನೆಯದರ ಚಿಂತೆ. ಲೆಕ್ಕಪರಿಶೋಧನೆಯಲ್ಲಿ ಇಪ್ಪತ್ತು ವರ್ಷ ಸವೆಸಿದವಳಿಗೆ ಚಿಂತೆಯನ್ನೂ ಅಂಕಿಗಳಿಗೆ ಇಳಿಸದೆ ನೆಮ್ಮದಿಯಿಲ್ಲ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಪ್ರಬಂಧ ಪ್ರಕಾರದ ಜನಕನೆಂದು ನಮಗೆ ಪರಿಚಯಿಸಲಾದ ಫ್ರಾನ್ಸಿನ ಮಾಂಟೇನ್ ಈ ವಿಷಯದಲ್ಲಿಯೂ ನನ್ನ ಹಿರಿಯ. ಅವನ ತಂದೆಗೂ ಕಲ್ಲಿನ ಬಾಧೆಯಿತ್ತು. 1580ರಲ್ಲಿ ಹೊರಟ ಪ್ರವಾಸದಲ್ಲಿ ಅವನು ಇಟಲಿಯ ಲೂಕ್ಕಾ ಸಮೀಪದ ಬಿಸಿನೀರಿನ ಬುಗ್ಗೆಗಳಲ್ಲಿ ವಾರಗಟ್ಟಲೆ ಉಳಿದ. ಎಷ್ಟು ನೀರು ಕುಡಿದೆ, ಎಷ್ಟು ಹೊರಹೋಯಿತು, ಯಾವಾಗ ಕಲ್ಲು ಬಿತ್ತು ಎಂಬುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ತರಗತಿಯಲ್ಲಿ ಕೇಳಿದಾಗ ಇದು ಸಾಹಿತಿಯೊಬ್ಬನ ವಿಚಿತ್ರ ಖಯಾಲಿಯೆನ್ನಿಸಿತ್ತು. ಈಗ ಅದು ಅತ್ಯಂತ ವಿವೇಕದ ದಾಖಲೆಯೆನ್ನಿಸುತ್ತದೆ.

ಕಲ್ಲಿನ ಹುಟ್ಟನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳಬಹುದು. ಸಕ್ಕರೆಪಾಕ ಹದ ಮೀರಿ ಗಟ್ಟಿಯಾದರೆ ಹರಳು ಕಟ್ಟುತ್ತದೆ. ಮೂತ್ರವೂ ಹಾಗೆಯೇ, ಅದು ತೀರ ಮಂದವಾದಾಗ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕೂಡಿ ಹರಳಾಗುತ್ತವೆ. ಕಲ್ಲುಗಳಲ್ಲಿ ಹೆಚ್ಚಿನವು ಈ ಜಾತಿಯವು. ಆದುದರಿಂದ ಮೊದಲ ಮದ್ದು ನೀರು. 1996ರಲ್ಲಿ ಇಟಲಿಯ ಪಾರ್ಮಾದ ಬೋರ್ಗಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಧಾರಾಳವಾಗಿ ನೀರು ಕುಡಿದವರ ಗುಂಪಿನಲ್ಲಿ ಐದು ವರ್ಷಗಳೊಳಗೆ ಶೇ. 12 ಮಂದಿಗೆ ಮಾತ್ರ ಕಲ್ಲು ಮರಳಿತು. ಹಾಗೆ ಕುಡಿಯದವರಲ್ಲಿ ಶೇ. 27. ದಿನಕ್ಕೆ ಕನಿಷ್ಠ ಎರಡೂವರೆ ಲೀಟರು ಮೂತ್ರ ಹೊರಹೋಗಬೇಕೆಂಬುದು ಇಂದಿನ ವೈದ್ಯಕೀಯ ಸೂತ್ರ. ದೆಹಲಿಯ ಜೇಷ್ಠಮಾಸದಲ್ಲಿ ಬೆವರಾಗಿ ಹೋಗುವುದನ್ನು ಕಳೆದು ಇಷ್ಟು ಉಳಿಯಬೇಕಾದರೆ ಕುಡಿಯುವ ನೀರು ಮೂರು ಲೀಟರನ್ನು ದಾಟಲೇಬೇಕು. ಹೃದಯ ದುರ್ಬಲವಾಗಿರುವವರು, ಮೂತ್ರಪಿಂಡ ಸೋತವರು ಮಾತ್ರ ವೈದ್ಯರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು.

ಎರಡನೆಯ ಪಾಠ ನನಗೆ ಅಚ್ಚರಿ ತಂದಿತು. ಕ್ಯಾಲ್ಸಿಯಂ ಕಲ್ಲಾದರೆ ಹಾಲು, ಮೊಸರು ಬಿಡಬೇಕೆಂಬುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಇದ್ದ ನಂಬಿಕೆ. ವಾಸ್ತವ ಅದಕ್ಕೆ ವಿರುದ್ಧ. ಊಟದೊಡನೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಹೊರಗಟ್ಟುತ್ತದೆ. ಅದೇ ಬೋರ್ಗಿಯವರ 2002ರ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಮಂದಿಗೆ ಕಲ್ಲು ಮರಳಿತು. ಎಂದಿನಷ್ಟು ಕ್ಯಾಲ್ಸಿಯಂ ಉಂಡು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಮಂದಿಯಲ್ಲಿ ಮರಳಿದ್ದು 12 ಮಂದಿಗೆ. ಊಟದ ಕೊನೆಯ ಮೊಸರನ್ನವನ್ನು ಹೀಗೆ ವಿಜ್ಞಾನ ನನಗೆ ಹಿಂದಿರುಗಿಸಿತು.

ಆದರೆ ಅದೇ ವಿಜ್ಞಾನ ಉಪ್ಪಿನಕಾಯಿಯನ್ನು ಕಸಿದುಕೊಂಡಿತು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ಸಾಗರದಿಂದ ಅಮ್ಮ ಕಳಿಸುವ ಪೊಟ್ಟಣದಲ್ಲಿ ಇರುವುದಾದರೂ ಏನು? ಅಪ್ಪೆಮಿಡಿ, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು, ಚಟ್ನಿಪುಡಿ. ಹೊರನಾಡಿನಲ್ಲಿರುವ ನಮಗೆ ತವರು ಬರುವುದೇ ಉಪ್ಪಿನಲ್ಲಿ ಊರಿ. ವಿಷಯ ತಿಳಿಸಿದಾಗ ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಇನ್ನು ನಿನಗೆ ಏನು ಕಳಿಸ್ಲಿ ಪುಟ್ಟೀ?" ಎಂದರು. ಉತ್ತರ ತಕ್ಷಣ ಹೊಳೆಯಲಿಲ್ಲ. ಈಗ ಹುರುಳಿಕಾಳು ಕಳಿಸುತ್ತಾರೆ. ಬಾಳೆದಿಂಡನ್ನು ನಾನು ಐ.ಎನ್.ಎ. ಮಾರುಕಟ್ಟೆಯಿಂದ ತರುತ್ತೇನೆ. ಅವು ಕಲ್ಲನ್ನು ಕರಗಿಸುತ್ತವೆಂದು ನನ್ನ ವೈದ್ಯರು ಒಪ್ಪಲಿಲ್ಲ, ತಿನ್ನಬೇಡಿ ಎಂದೂ ಹೇಳಲಿಲ್ಲ. ಅವರು ಒತ್ತಿ ಹೇಳಿದ್ದು ನಿಂಬೆಯನ್ನು. ಅದರ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಆದರೆ ದೆಹಲಿಯ ಬೀದಿಯಲ್ಲಿ ಮಾರುವ ಶಿಕಂಜಿಯ ಕರಿಯುಪ್ಪು ಬೇಡ.

ಇಷ್ಟೆಲ್ಲ ತಿಳಿದ ಮೇಲೆ ಉಳಿಯುವ ಪ್ರಶ್ನೆ ಯಾವ ಸಂಶೋಧನೆಯಲ್ಲೂ ನನಗೆ ಕಾಣಲಿಲ್ಲ. 2002ರ ಆ ಅಧ್ಯಯನದ 120 ಮಂದಿಯೂ ಗಂಡಸರು. ನಮ್ಮ ತಂಡ ವರ್ಷದಲ್ಲಿ ಹಲವು ಸಲ ದೂರದ ಉಪಕಚೇರಿಗಳಿಗೆ, ಕಾಮಗಾರಿ ನಡೆಯುವ ಸ್ಥಳಗಳಿಗೆ ಹೋಗುತ್ತದೆ. ಅಲ್ಲಿ ಚಹಾ ಸಿಗುತ್ತದೆ, ಬಿಸ್ಕತ್ತು ಸಿಗುತ್ತದೆ, ಹೆಂಗಸರಿಗೆ ಶೌಚಾಲಯ ಸಿಗುವುದಿಲ್ಲ. ನಾವು ಮೂವರು ಮಹಿಳೆಯರು ಬೆಳಗಿನಿಂದ ಸಂಜೆಯವರೆಗೆ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು ಕುಡಿದು ದಿನ ಕಳೆಯುವುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾವ ಕಡತದಲ್ಲೂ ಇಲ್ಲದ ಸಂಗತಿ. ಶಾಲೆಯ ಹುಡುಗಿಯರು, ಬಸ್ಸಿನ ನಿರ್ವಾಹಕಿಯರು, ಬಟ್ಟೆ ಅಂಗಡಿಯಲ್ಲಿ ನಿಂತೇ ದುಡಿಯುವವರು, ಎಲ್ಲರಿಗೂ ಈ ವಿದ್ಯೆ ಬರುತ್ತದೆ. "ನೀರು ಹೆಚ್ಚು ಕುಡಿಯಿರಿ" ಎಂಬ ಮೂರು ಪದಗಳ ಹಿಂದೆ ಒಂದು ಬಾಗಿಲು, ಒಂದು ಚಿಲಕ, ಒಂದು ಬಕೆಟ್ಟು ಇರಲೇಬೇಕು.

ಕಳೆದ ವರ್ಷದಿಂದ ಪ್ರವಾಸಕ್ಕೆ ಮುನ್ನ ಕಳಿಸುವ ಪತ್ರದಲ್ಲಿ, ಬೇಕಾದ ದಾಖಲೆಗಳ ಪಟ್ಟಿಯ ಕೆಳಗೆ, ಒಂದು ಸಾಲು ಸೇರಿಸುತ್ತಿದ್ದೇನೆ: ಮಹಿಳೆಯರು ಬಳಸಬಹುದಾದ ಶೌಚಾಲಯವಿದೆಯೇ, ತಿಳಿಸುವುದು. ಮೇಲಧಿಕಾರಿ ಮೊದಲ ಸಲ ಆ ಸಾಲಿನ ಮೇಲೆ ಪೆನ್ಸಿಲನ್ನು ಆಡಿಸಿ ನಿಲ್ಲಿಸಿದರು. ನಾನು ತಂದೆಯವರ ಒಂಟಿ ಮೂತ್ರಪಿಂಡದ ಮಾತು ಹೇಳಿದೆ. ಅವರು ಏನೂ ಹೇಳದೆ ಸಹಿ ಮಾಡಿದರು. ಹೆಚ್ಚಿನ ಕಚೇರಿಗಳು ಆ ಸಾಲಿಗೆ ಉತ್ತರಿಸುವುದೇ ಇಲ್ಲ. ಒಂದು ಕಚೇರಿ ಮಾತ್ರ ಬರೆಯಿತು: ಶೌಚಾಲಯವಿದೆ, ಬೀಗದ ಕೈ ಕಾರ್ಯಪಾಲಕ ಎಂಜಿನಿಯರರ ಬಳಿ ಇರುತ್ತದೆ. ಅಲ್ಲಿಗೆ ತಲುಪಿದ ಕೂಡಲೇ ಕಡತಗಳಿಗಿಂತ ಮೊದಲು ಆ ಕೈಯನ್ನು ತರಿಸಿ ಮೇಜಿನ ಮೇಲೆ ಇಟ್ಟುಕೊಂಡೆವು. ಆ ನಾಲ್ಕು ದಿನ ಮೂವರೂ ಬಾಟಲಿಗಟ್ಟಲೆ ನೀರು ಕುಡಿದೆವು.